ಇಪ್ಪತ್ತಮೂರನೆಯ ಅಳತೆ

ದರ್ಜಿಗೆ ಜನರ ಹೆಸರು ಕೇಳುವ ಅಭ್ಯಾಸವೇ ಇರಲಿಲ್ಲ. ಮೂವತ್ತೈದು ವರ್ಷ ಅದೇ ಮೂಲೆ ಅಂಗಡಿಯಲ್ಲಿ ಕೂತು ಊರಿನ ಅರ್ಧ ಜನರ ಎದೆ ಸೊಂಟ ಅಳೆದ ಆಸಾಮಿ ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಒಂದು ನಂಬರು, ಅದರ ಮುಂದೆ ಅಳತೆ, ಅಷ್ಟೇ. ಅದೇ ನಂಬರಿನ ಚೀಟಿಯನ್ನು ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸಿ ಕಪಾಟಿನಲ್ಲಿ ಇಡುತ್ತಿದ್ದ. ಯಾರಾದರೂ "ಹೆಸರು ಬರ್ಕೊಳ್ಳಲ್ವಾ?" ಎಂದರೆ, "ಹೆಸರು ಯಾರು ಬೇಕಾದ್ರೂ ಏನು ಬೇಕಾದ್ರೂ ಇಟ್ಕೋಬಹುದು ಸ್ವಾಮಿ, ಹೊಟ್ಟೆ ಸುಳ್ಳು ಹೇಳಲ್ಲ" ಎನ್ನುತ್ತಿದ್ದ. ಕೇಳಿದವರು ಹೊಟ್ಟೆ ಒಳಗೆಳೆದುಕೊಂಡು ನಗುತ್ತಿದ್ದರು. ಈಗ ಆ ದರ್ಜಿ ಆಸ್ಪತ್ರೆಯ ಪ್ರತ್ಯೇಕ ವಾರ್ಡಿನಲ್ಲಿ ಗಾಜಿನ ಆಚೆ ಆಕ್ಸಿಜನ್ ಮಾಸ್ಕು ಹಾಕಿಕೊಂಡು ಮಲಗಿದ್ದ. ಮುಟ್ಟಿದರೆ ಅಂಟುವ, ಅಂಟಿದ ಇಬ್ಬರಲ್ಲಿ ಒಬ್ಬರನ್ನು ಒಯ್ಯುವ ಜ್ವರ ಅದು. ಅವನ ಬಾಯಿಂದ ಈಗ ಮಾತು ಹೊರಡುತ್ತಿರಲಿಲ್ಲ.

ಅವನ ಸೀಲು ಹಾಕಿದ ಅಂಗಡಿಯೊಳಗೆ, ಗುರುವಾರ ಬೆಳಗ್ಗೆ ಹತ್ತು ಗಂಟೆಗೆ, ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಗೌನು ತೊಟ್ಟು, ಕೈಗೆ ಎರಡೆರಡು ಗ್ಲೌಸು ಏರಿಸಿ, ಅಳತೆ ಪುಸ್ತಕ ಹಿಡಿದು ನಿಂತಿದ್ದವಳು ಆರೋಗ್ಯ ಇಲಾಖೆಯ ಮೇಡಂ. ರೋಗಿ ಯಾರನ್ನು ಮುಟ್ಟಿದ, ಯಾರ ಪಕ್ಕ ಕೂತ, ಯಾರ ಲೋಟದಲ್ಲಿ ನೀರು ಕುಡಿದ ಎಂದು ಪಟ್ಟಿ ಮಾಡಿ ಅವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕುವುದು ಅವಳ ಕೆಲಸ. ಹಿಡಿದರೆ ಬಿಡುವ ಪೈಕಿ ಅಲ್ಲವಾದ್ದರಿಂದ ಆಫೀಸಿನವರು ಬೆನ್ನ ಹಿಂದೆ ಅವಳನ್ನು 'ಜಿಗಣೆ' ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಎರಡು ದಿನದಲ್ಲಿ ಇಪ್ಪತ್ತೆರಡು ಜನ ಸಿಕ್ಕಿದ್ದರು. ಜೀಪಿಗೆ ಮೈಕು ಕಟ್ಟಿಸಿ, "ಹೋದ ವಾರ ಮೂಲೆ ದರ್ಜಿಯ ಮುಂದೆ ನಿಂತು ಅಳತೆ ಹಿಡಿಸಿಕೊಂಡವರು ಕೂಡಲೇ ಆರೋಗ್ಯ ಕೇಂದ್ರಕ್ಕೆ ಬನ್ನಿ" ಎಂದು ಬೀದಿಬೀದಿಯಲ್ಲಿ ಕೂಗಿಸಿದ್ದಳು. ಆ ಸಾಲನ್ನು ಅವಳೇ ಕೂತು ಬರೆದಿದ್ದಳು. ಕೆಲವರು ಹೆದರಿ ತಾವಾಗಿ ಬಂದರು. ಉಳಿದವರನ್ನು ಕಪಾಟಿನ ಬಟ್ಟೆಯ ಜಾಡು ಹಿಡಿದು ಎಳೆತಂದಳು: ನೀಲಿ ಗೆರೆಯ ಬಟ್ಟೆ ಸಿಕ್ಕಿದ್ದೇ ಬ್ಯಾಂಕಿನ ವಾಚ್‌ಮನ್ನಿನ ಮನೆಗೆ ಹೋದಳು, ಕರಿ ಕೋಟಿನ ಬಟ್ಟೆ ಸಿಕ್ಕಿದ್ದೇ ಕೋರ್ಟಿಗೆ ನುಗ್ಗಿ ವಾದ ಮಾಡುತ್ತಿದ್ದ ವಕೀಲನನ್ನು ಅರ್ಧ ವಾಕ್ಯದಲ್ಲಿ ನಿಲ್ಲಿಸಿದಳು. ಸಿಕ್ಕವರ ಮೈಗೆ ಟೇಪು ಹಿಡಿದು, ಪುಸ್ತಕದ ಸಾಲಿಗೆ ತಾಳೆ ನೋಡಿ, ಮುನ್ನೆಚ್ಚರಿಕೆಯ ಇಂಜೆಕ್ಷನ್ ಚುಚ್ಚಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಳು.

ಉಳಿದದ್ದು ಕೊನೆಯ ಸಾಲು ಒಂದೇ. ಜ್ವರದ ಕೈ ನಡುಗಿ ಅಕ್ಷರ ಸೊಟ್ಟಗಾಗಿತ್ತು. ಇಪ್ಪತ್ತಮೂರು. ಕುತ್ತಿಗೆ ಹದಿನಾರು, ಎದೆ ನಲವತ್ತು, ಹೊಟ್ಟೆ ನಲವತ್ತಮೂರು, ತೋಳು ಇಪ್ಪತ್ತಮೂರು. ಅದರ ಪಕ್ಕದಲ್ಲಿ: ಬಲ ಭುಜ ಅರ್ಧ ಇಂಚು ಇಳಿ.

ಕಪಾಟು ಪೂರ್ತಿ ಜಾಲಾಡಿದರೂ ಇಪ್ಪತ್ತಮೂರರ ಚೀಟಿ ಇದ್ದ ಬಟ್ಟೆ ಸಿಗಲಿಲ್ಲ. ಅಳತೆ ಇದೆ, ಬಟ್ಟೆ ಇಲ್ಲ. ಮೇಡಂ ಮೇಜಿನ ಅಡಿ, ಇಸ್ತ್ರಿ ಪೆಟ್ಟಿಗೆಯ ಹಿಂದೆ, ಹರಿದ ಚೂರುಗಳ ಮೂಟೆಯೊಳಗೆ, ಎಲ್ಲ ಕಡೆ ನೋಡಿದಳು.

ಅಷ್ಟರಲ್ಲಿ ವಾರ್ಡಿನ ನರ್ಸಿನ ಫೋನು ಬಂತು. "ಮೇಡಂ, ದರ್ಜಿಗೆ ಬೆಳಗ್ಗೆ ಒಂದು ನಿಮಿಷ ಎಚ್ಚರ ಆಗಿತ್ತು. ಏನೋ ಹೇಳಿದ. ಭಾನುವಾರ ಸಂಜೆ ಆರು ಗಂಟೆಗೆ ಅಂಗಡೀಲಿ ತಲೆ ಸುತ್ತಿ ಬಿದ್ನಂತೆ, ವಾಂತಿ ಆಯ್ತಂತೆ. 'ಇಪ್ಪತ್ಮೂರು ನನ್ನ ತಲೆ ಹಿಡ್ಕೊಂಡು ನೀರು ಕುಡಿಸಿದ್ರು' ಅಂದ. ಆಮೇಲೆ ಮತ್ತೆ ಕಣ್ಣು ಮುಚ್ಚಿದ."

ಉಳಿದ ಇಪ್ಪತ್ತೆರಡು ಜನ ಬರೀ ಟೇಪಿನ ದೂರದಲ್ಲಿ ನಿಂತವರು. ಈ ಇಪ್ಪತ್ತಮೂರು ವಾಂತಿ ಮಾಡಿಕೊಂಡವನ ತಲೆಯನ್ನೇ ಕೈಯಲ್ಲಿ ಹಿಡಿದಿದ್ದ! ರೋಗಿಯನ್ನು ಮುಟ್ಟಿದ ನಾಲ್ಕು ದಿನದೊಳಗೆ ಇಂಜೆಕ್ಷನ್ನು ಬಿದ್ದರೆ ಜೀವ ಕಾಯುತ್ತದೆ, ಆಮೇಲೆ ಅದೂ ನೀರೂ ಒಂದೇ. ಭಾನುವಾರ ಸಂಜೆ ಆರರಿಂದ ನಾಲ್ಕು ದಿನ ಎಂದರೆ ಇವತ್ತು ಸಂಜೆ ಆರು. ಅವಳು ಗಡಿಯಾರ ನೋಡಿದಳು. ಎಂಟು ಗಂಟೆಗೂ ಕಡಿಮೆ ಸಮಯವಿತ್ತು.

ಹಿಂದಿನ ಸಲ ಈ ಜ್ವರ ಬಂದಾಗ ಅವಳ ಪಟ್ಟಿಯಲ್ಲಿ ಒಂದೇ ಒಂದು ಸಾಲು ಖಾಲಿ ಉಳಿದಿತ್ತು. ಬಸ್ಸಿನಲ್ಲಿ ರೋಗಿಯ ಪಕ್ಕ ಕೂತ ಯಾರೋ ಹೆಂಗಸು. ಆಕೆ ಸಿಕ್ಕಿದ್ದು ಹನ್ನೊಂದನೆಯ ದಿನ, ಹೆಣವಾಗಿ; ಆಕೆಯ ಮನೆಯಲ್ಲಿ ಇನ್ನೂ ಮೂವರು ಮಲಗಿದ್ದರು. ಆ ಖಾಲಿ ಸಾಲು ಮೇಡಂ ಕಣ್ಣಿಗೆ ಈಗಲೂ ಕಟ್ಟಿದ ಹಾಗಿತ್ತು. ಇನ್ನೊಂದು ಖಾಲಿ ಸಾಲನ್ನು ಅವಳು ಜನ್ಮದಲ್ಲಿ ಬಿಡುವವಳಲ್ಲ.

"ಅಣ್ಣಾ, ಗಾಡಿ ತೆಗೀರಿ!"

ಅಣ್ಣ ಎಂದರೆ ಇಲಾಖೆಯ ಜೀಪಿನ ಡ್ರೈವರು. ಇನ್ನು ಹತ್ತು ದಿನಕ್ಕೆ ನಿವೃತ್ತಿ. ಜ್ವರದ ಕಾಲವಾದ್ದರಿಂದ ಅವನಿಗೂ ಗೌನು ತೊಡಿಸಿದ್ದರು. ಆ ದೊಗಳೆ ಪ್ಲಾಸ್ಟಿಕ್ಕಿನೊಳಗೆ ಅವನು ಚೀಲದಲ್ಲಿ ಕಟ್ಟಿಟ್ಟ ಸಾಮಾನಿನಂತೆ ಕಾಣುತ್ತಿದ್ದ. ಬೇರೆ ದಿನಗಳಲ್ಲಾದರೆ ಅವನ ಬಾಯಿಗೆ ಬೀಗವೇ ಇರುತ್ತಿರಲಿಲ್ಲ. ಭಾನುವಾರದಿಂದ ಮಾತ್ರ ಮುಖ ಗಂಟು ಹಾಕಿಕೊಂಡೇ ಇದ್ದ.

"ಯಾಕಣ್ಣ ಮುಖ ಊದ್ಕೊಂಡಿದೆ, ಅತ್ತಿಗೆ ಜೊತೆ ಇನ್ನೂ ರಾಜಿ ಆಗ್ಲಿಲ್ವಾ?"

"ಅವಳ ಸುದ್ದಿ ಎತ್ತಬೇಡಿ ಮೇಡಂ. ನನ್ನ ನೀಲಿ ಶರ್ಟು, ಏಳು ವರ್ಷದಿಂದ ಮೈಗೆ ಒಗ್ಗಿರೋದು, ಕಾಣಿಸ್ತಿಲ್ಲ. ಎಲ್ಲೇ ಅಂದ್ರೆ 'ಇಲ್ಲೇ ಎಲ್ಲೋ ಇರುತ್ತೆ' ಅಂತಾಳೆ. ನೆಲ ಒರೆಸೋಕೆ ಹರಿದು ಹಾಕಿರ್ತಾಳೆ, ಒಪ್ಕೊಳ್ಳೋಕೆ ಬಾಯಿ ಬರಲ್ಲ. ಭಾನುವಾರ ಮಧ್ಯಾಹ್ನ ನಾಲ್ಕು ಮಾತು ಜೋರಾಗೇ ಅಂದೆ. ಅವತ್ತಿಂದ ಮಾತಿಲ್ಲ, ಕತೆಯಿಲ್ಲ. ನಾನು ಆಫೀಸಿನ ಬೆಂಚಿನ ಮೇಲೇ ಮಲಗ್ತಿದೀನಿ."

"ಒಂದು ಹಳೇ ಶರ್ಟಿಗೆ ಇಷ್ಟಾ?"

"ಶರ್ಟಿನ ಪ್ರಶ್ನೆ ಅಲ್ಲ, ಸುಳ್ಳಿನ ಪ್ರಶ್ನೆ" ಎಂದು ಡ್ರೈವರು ಗೇರು ಎಳೆದ.

ಮೇಡಂಗೆ ಅವನ ಶರ್ಟಿನ ಸಂಸಾರ ಕೇಳುವ ಪುರುಸೊತ್ತಿರಲಿಲ್ಲ. ಹೊಟ್ಟೆ ಎದೆಗಿಂತ ಮೂರು ಇಂಚು ಮುಂದೆ, ಅಂದರೆ ಡೊಳ್ಳು ಹೊಟ್ಟೆ. ಬಲ ಭುಜ ಇಳಿದಿದೆ, ಅಂದರೆ ವರ್ಷಾನುಗಟ್ಟಲೆ ಆ ಭುಜದ ಮೇಲೆ ಭಾರ ಹೊತ್ತಿರಬೇಕು. ಹೊರುವ ಕೆಲಸದ ಡೊಳ್ಳು ಹೊಟ್ಟೆಯವನು. ಊರಲ್ಲಿ ಅಂಥವರು ಎಷ್ಟು ಜನ ಇದ್ದಾರು? ಎಲ್ಲರಿಗೂ ಟೇಪು ಹಿಡಿದರಾಯಿತು. ಅವಳ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು.

ಮೊದಲು ಅಂಚೆ ಕಚೇರಿ. ಪೋಸ್ಟ್‌ಮನ್ನುಗಳನ್ನು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲಿಸಿದಳು. ಭುಜ ಇಳಿದವರು ಐವರಿದ್ದರು, ಐವರದ್ದೂ ಎಡ ಭುಜ. "ನಾವು ಚೀಲ ಎಡಕ್ಕೇ ಹಾಕೋದು ಮೇಡಂ, ಬಲಗೈ ಕಾಗದ ಕೊಡೋಕೆ ಬೇಕಲ್ಲ" ಎಂದ ಹಿರಿಯ ಪೋಸ್ಟ್‌ಮನ್ನು, ಇದೂ ಗೊತ್ತಿಲ್ಲವೇ ಎನ್ನುವ ದನಿಯಲ್ಲಿ.

ಅಲ್ಲಿಂದ ಗ್ಯಾಸ್ ಸಿಲಿಂಡರಿನ ಗೋದಾಮು. ಎಲ್ಲ ಬಲ ಭುಜವೇ, ಆದರೆ ಒಬ್ಬನಿಗೂ ಹೊಟ್ಟೆಯೇ ಇಲ್ಲ. ನಾಲ್ಕು ಮಹಡಿ ಸಿಲಿಂಡರ್ ಹೊರುವವನಿಗೆ ಹೊಟ್ಟೆ ಎಲ್ಲಿಂದ ಬರಬೇಕು! ಅಲ್ಲಿಂದ ನೀರಿನ ಕ್ಯಾನು ಸಾಗಿಸುವವರ ಶೆಡ್ಡು. ಅಲ್ಲೊಬ್ಬ ಸಿಕ್ಕ ನೋಡಿ, ಮೇಡಂ ಕಣ್ಣು ಅರಳಿತು. ಕುತ್ತಿಗೆ ಹದಿನಾರು. ಎದೆ ನಲವತ್ತು! ಭುಜ ಇಳಿದಿದೆ! ಹೊಟ್ಟೆಗೆ ಸುತ್ತಿದಳು. ಮೂವತ್ತೆಂಟು. "ಉಸಿರು ಬಿಡ್ರೀ, ಒಳಗೆ ಎಳ್ಕೋಬೇಡಿ!" ಎಂದು ಗದರಿದಳು.

"ಬಿಟ್ಟೇ ಇದೀನಿ ತಾಯಿ. ಇರೋದೇ ಇಷ್ಟು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಒಂದು ಗಂಟೆಗೆ ತರಕಾರಿ ಮಾರುಕಟ್ಟೆ. ಭುಜ ಇಳಿದವನನ್ನು ಹುಡುಕುತ್ತಾರೆ ಎಂಬ ಸುದ್ದಿ ಅಷ್ಟರೊಳಗೆ ಅಲ್ಲಿಗೆ ಮುಟ್ಟಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನಿಜವಾಗಿಯೂ ಕುಂಬಳಕಾಯಿ ಹೊರುವ ನಲವತ್ತು ಜನ ಹಮಾಲರು ಒಟ್ಟಿಗೇ ಹೆಗಲು ಮುಟ್ಟಿ ನೋಡಿಕೊಂಡರು. ಮೇಡಂಗೆ ಆ ಗಡಿಬಿಡಿಯಲ್ಲೂ ನಗು ಬಂತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ದಪ್ಪನೆಯ ಹಮಾಲ ಮೂಟೆ ಕೆಡವಿ ಓಟ ಕಿತ್ತ.

"ಹಿಡೀರಿ ಅಣ್ಣಾ! ಅವನೇ!"

ಡ್ರೈವರು ಗೌನನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಓಡಿದ. ಮೇಡಂ ಈರುಳ್ಳಿ ಸಾಲಿನಿಂದ ಸುತ್ತು ಹಾಕಿದಳು. ಬುಟ್ಟಿ ಉರುಳಿದವು, ಬೈಗುಳ ಬಿದ್ದವು, ಟೊಮೇಟೊ ಮೇಲೆ ಕಾಲಿಟ್ಟು ಅವಳು ಜಾರಿ, ಬೀಳದೆ, ಮತ್ತೆ ಓಡಿದಳು. ಐವತ್ತರ ಹೊಸ್ತಿಲಲ್ಲಿದ್ದ ಹೆಂಗಸು ಹಾಗೆ ಓಡಿದ್ದನ್ನು ಆ ಮಾರುಕಟ್ಟೆ ಹಿಂದೆ ಕಂಡಿರಲಿಲ್ಲ. ಕೊನೆಗೆ ಆ ಹಮಾಲ ಎಲೆಕೋಸಿನ ರಾಶಿಯ ಹಿಂದೆ ಸಿಕ್ಕಿಬಿದ್ದ. ಎರಡೂ ಭುಜ ತಕ್ಕಡಿಯ ದಂಡಿಗೆಯಂತೆ ನೇರವಾಗಿದ್ದವು.

"ಮತ್ತೆ ಓಡಿದ್ಯಾಕಪ್ಪಾ?"

"ಸೂಜಿ ಅಂದ್ರೆ ನಂಗೆ ಚಿಕ್ಕಂದಿನಿಂದ್ಲೂ ಆಗಲ್ಲ ಅಕ್ಕ" ಎಂದ, ಇನ್ನೂ ಏದುಸಿರು ಬಿಡುತ್ತ.

ಕೋಪ ಮಾಡಿಕೊಳ್ಳಲೂ ಅವಳಿಗೆ ಸಮಯವಿರಲಿಲ್ಲ. ಸಿಮೆಂಟ್ ಅಂಗಡಿ, ಲಾರಿ ಸ್ಟ್ಯಾಂಡು, ಮದುವೆಮನೆಗಳಿಗೆ ಕುರ್ಚಿ ಸಾಗಿಸುವವರು, ಕ್ಯಾಮೆರಾ ಚೀಲ ಹೊತ್ತು ಓಡಾಡುವ ಫೋಟೋಗ್ರಾಫರು, ಯಾರನ್ನೂ ಬಿಡಲಿಲ್ಲ. ಟೇಪಿನ ತುದಿಯ ತಗಡು ಕಿತ್ತುಬಂತು. ನಾಲ್ಕು ಗಂಟೆಗೆ ಆಸ್ಪತ್ರೆಯ ಡಾಕ್ಟ್ರಮ್ಮ ಫೋನು ಮಾಡಿ, "ಸಿಕ್ಕಿದ್ರಾ?" ಎಂದರು. "ಸಿಗ್ತಾರೆ" ಎಂದಳು ಮೇಡಂ. ಆ ಬಸ್ಸಿನ ಹೆಂಗಸು ಮತ್ತೆ ಕಣ್ಣ ಮುಂದೆ ಬಂದಳು.

ಔಷಧದ ಪೆಟ್ಟಿಗೆಯ ಐಸು ಕರಗುತ್ತ ಬಂದಿತ್ತು. ಬೇರೆ ದಾರಿಯಿಲ್ಲದೆ ಜೀಪು ಆಫೀಸಿಗೆ ತಿರುಗಿತು. ಆಗ ನಾಲ್ಕೂ ಐವತ್ತು. ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತು, ಪುಸ್ತಕ ಬಿಡಿಸಿ, ಅದೇ ಸೊಟ್ಟ ಸಾಲನ್ನು ನೂರನೆಯ ಸಲ ಓದಿದಳು. ಡ್ರೈವರು ಬೆವರಿನಿಂದ ಮೈಗಂಟಿದ್ದ ಗೌನನ್ನು ಬಿಚ್ಚಿ ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ಜೀಪಿನ ಹಿಂಬದಿಯಿಂದ ಐಸಿನ ಪೆಟ್ಟಿಗೆಯನ್ನು ಎತ್ತಿಕೊಂಡ. ಅದರ ಪಟ್ಟಿಯನ್ನು ಬಲ ಭುಜಕ್ಕೆ ಏರಿಸಿದ. ಅಲ್ಲಿ ಅದಕ್ಕೆಂದೇ ಒಂದು ಗೂಡು ಇದ್ದ ಹಾಗೆ ಪಟ್ಟಿ ಹೋಗಿ ಕೂತುಕೊಂಡಿತು.

ಮೇಡಂ ದಿಗ್ಗನೆ ಎದ್ದಳು.

"ಅಣ್ಣಾ. ನಿಂತ್ಕೊಳ್ಳಿ. ಹಾಗೇ ನಿಂತ್ಕೊಳ್ಳಿ. ಪೆಟ್ಟಿಗೆ ಕೆಳಗಿಡಿ."

"ಐಸು ಮೇಡಂ—"

"ಇಡ್ರೀ ಕೆಳಗೆ!"

ಪೆಟ್ಟಿಗೆ ಇಳಿದರೂ ಭುಜ ಏಳಲಿಲ್ಲ. ಖಾಕಿ ಅಂಗಿಯ ಬಲಗಡೆಯ ಹೊಲಿಗೆ ಎಡಗಡೆಗಿಂತ ಕೆಳಗಿತ್ತು. ಮೇಡಂ ಟೇಪು ತೆಗೆದಳು. ಅರ್ಧ ಇಂಚು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಈ ಭುಜ ಯಾವಾಗಿಂದ ಹೀಗೆ?"

"ಜೀಪು ಬರೋಕೆ ಮುಂಚೆ ಹದಿನೆಂಟು ವರ್ಷ ಲಸಿಕೆ ಪೆಟ್ಟಿಗೆ ಹೊತ್ಕೊಂಡು ಹಳ್ಳಿಹಳ್ಳಿ ನಡೆದಿದೀನಲ್ಲ ಮೇಡಂ. ನಮ್ಮ ಇಲಾಖೆ ಕೊಟ್ಟ ಬಹುಮಾನ ಇದು" ಎಂದು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ದೇವರಾಣೆ, ನಾನು ಆ ದರ್ಜಿ ಅಂಗಡಿಗೆ ಕಾಲಿಟ್ಟು ವರ್ಷಗಳೇ ಆಗಿವೆ."

ಅವಳು ಅಳೆಯುತ್ತ ಹೋದಳು. ತೋಳು ಇಪ್ಪತ್ತಮೂರು, ಸರಿ. ಎದೆ ಮೂವತ್ತಾರು. ಪುಸ್ತಕದಲ್ಲಿ ನಲವತ್ತು. ಹೊಟ್ಟೆ ಮೂವತ್ತೊಂಬತ್ತು. ಪುಸ್ತಕದಲ್ಲಿ ನಲವತ್ತಮೂರು. ಕುತ್ತಿಗೆ ಅರ್ಧ ಇಂಚು ಕಡಿಮೆ. ಅವಳ ಉತ್ಸಾಹ ಜರ್ರನೆ ಇಳಿಯಿತು. ಇವನಲ್ಲ. ಎದೆಯಲ್ಲೂ ನಾಲ್ಕು ಕಡಿಮೆ, ಹೊಟ್ಟೆಯಲ್ಲೂ ನಾಲ್ಕು ಕಡಿಮೆ...

ಎರಡು ಕಡೆಯೂ ಸರಿಯಾಗಿ ನಾಲ್ಕೇ ಹೇಗೆ ಕಡಿಮೆ ಬರುತ್ತದೆ?

"ಅಣ್ಣಾ, ಶರ್ಟು ಹೊಲಿಯುವಾಗ ಮೈಗಿಂತ ಎಷ್ಟು ಲೂಸ್ ಬಿಡ್ತಾರೆ?"

"ಮೂರೋ ನಾಲ್ಕೋ ಇಂಚು ಬಿಡ್ತಾರೆ. ಇಲ್ದಿದ್ರೆ ಉಸಿರಾಡೋದು ಹೇಗೆ?"

ಪುಸ್ತಕದ ಹಳೆಯ ಪುಟಗಳನ್ನು ಪಟಪಟನೆ ಮಗುಚಿದಳು. ಅಲ್ಲಲ್ಲಿ ಕೆಲವು ನಂಬರಿನ ಪಕ್ಕದಲ್ಲಿ ದರ್ಜಿ ಒಂದು ಪುಟ್ಟ ಗುಂಡಿಯ ಚಿತ್ರ ಬರೆದಿದ್ದ. ಅವಳು ಅದನ್ನು ಎರಡು ದಿನದಿಂದ ನೋಡುತ್ತಿದ್ದರೂ ಏನೋ ಗೀಚಿದ್ದಾನೆ ಎಂದುಕೊಂಡಿದ್ದಳು. ಗುಂಡಿ ಬರೆದ ಕಡೆಯಲ್ಲೆಲ್ಲ ಎದೆ ಹೊಟ್ಟೆಯ ಅಳತೆ ಉಳಿದವಕ್ಕಿಂತ ಮೂರು ನಾಲ್ಕು ಇಂಚು ಜಾಸ್ತಿ. ಅಂದರೆ ಅವು ಮೈಯ ಅಳತೆಗಳೇ ಅಲ್ಲ, ಯಾರೋ ಮಾದರಿಗೆಂದು ತಂದುಕೊಟ್ಟ ಹಳೆ ಶರ್ಟಿನ ಅಳತೆಗಳು! ಇಪ್ಪತ್ತಮೂರನ್ನು ಬರೆಯುವಾಗ ಜ್ವರದ ಕೈ ಆ ಗುಂಡಿ ಹಾಕುವುದನ್ನು ಮರೆತಿತ್ತು. ದರ್ಜಿ ಅವತ್ತು ಟೇಪು ಹಿಡಿದದ್ದು ಮನುಷ್ಯನಿಗಲ್ಲ, ಮೇಜಿನ ಮೇಲೆ ಹಾಸಿದ ಒಂದು ಶರ್ಟಿಗೆ. ಅವಳು ಬೆಳಗಿನಿಂದ ಊರೆಲ್ಲ ಅಟ್ಟಾಡಿಸಿದ ನಲವತ್ತಮೂರು ಇಂಚು ಹೊಟ್ಟೆಯವನು ಹುಟ್ಟಿಯೇ ಇರಲಿಲ್ಲ.

"ಅಣ್ಣಾ" ಎಂದಳು. "ನಿಮ್ಮ ನೀಲಿ ಶರ್ಟು ಕಳೆದಿದ್ದು ಯಾವತ್ತು ಅಂದ್ರಿ?"

"ಭಾನು..." ಎಂದ ಡ್ರೈವರು ಅಲ್ಲಿಗೇ ನಿಂತ. ನಿವೃತ್ತಿಗೆ ಹತ್ತು ದಿನ ಇತ್ತು. ಮನೆಯಲ್ಲಿ ಇಬ್ಬರೇ ಇದ್ದರು. ಅವನ ಶರ್ಟನ್ನು ಕದ್ದು ದರ್ಜಿಯ ಹತ್ತಿರ ಒಯ್ಯುವವರು ಇನ್ನು ಯಾರು? "ಅಯ್ಯೋ ಅವಳಾ!"

ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಡ್ರೈವರು ಹೆಂಡತಿಗೆ ಫೋನು ಹಚ್ಚಿದ. ಎರಡು ಸಲ ರಿಂಗಾಯಿತು, ಕಟ್ಟಾಯಿತು. ಮತ್ತೆ ಹಚ್ಚಿದ. ಮತ್ತೆ ಕಟ್ಟು.

"ಕಟ್ ಮಾಡ್ತಿದಾಳೆ ಮೇಡಂ. ಸಿಟ್ಟು."

ಮೇಡಂ ತನ್ನ ಫೋನಿನಿಂದ ಮಾಡಿದಳು. ಸ್ವಿಚ್ಡ್ ಆಫ್! ಪಕ್ಕದ ಮನೆಯಾಕೆಗೆ ಹಚ್ಚಿದಾಗ ಆಕೆ ಆರಾಮವಾಗಿ ರಾಗ ಎಳೆದಳು: "ಅವರಾ? ತಂಗಿ ಊರಿಗೆ ಹೊರಟ್ರಲ್ಲ, ಐದೂವರೆ ಬಸ್ಸಿಗೆ. ಚೀಲ ಹಿಡ್ಕೊಂಡು ಈಗ ತಾನೇ..."

ಐದೂ ಹನ್ನೊಂದಾಗಿತ್ತು. ತಂಗಿಯ ಊರು ಮೂರು ಗಂಟೆಯ ದಾರಿ. ಬಸ್ಸು ಹೊರಟರೆ ಆರು ಗಂಟೆ ದಾರಿಯಲ್ಲೇ ಬಡಿಯುತ್ತದೆ.

ಐಸು ತುಂಬಿದ್ದು ಯಾರು, ಜೀಪು ಹತ್ತಿದ್ದು ಹೇಗೆ, ಮೇಡಂಗೆ ಆಮೇಲೆ ನೆನಪಾಗಲಿಲ್ಲ. ಜೀಪು ಹಿಡಿದಂದಿನಿಂದ ಒಂದು ಸಿಗ್ನಲ್ಲನ್ನೂ ದಾಟದ ಡ್ರೈವರು ಅವತ್ತು ಮೂರು ದಾಟಿದ. ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಬೆಂಚಿನ ಮೇಲೆ ಮಲಗಿದೆ ಮೇಡಂ, ಹುಚ್ಚು ಮುಂಡೇದು ನಾನು, ಬೆಂಚಿನ ಮೇಲೆ ಮಲಗಿದೆ" ಎಂದು ಅದನ್ನೇ ಅದನ್ನೇ ಹೇಳುತ್ತಿದ್ದ. ಮೇಡಂ ಮಡಿಲಲ್ಲಿ ಪೆಟ್ಟಿಗೆ ತಬ್ಬಿಕೊಂಡು, ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ಕೂತಿದ್ದಳು. ರೈಲ್ವೆ ಗೇಟಿನಲ್ಲಿ ಕಂಬಿ ಇಳಿಯುತ್ತಿತ್ತು. ಅದರ ಅಡಿ ಜೀಪು ನುಸುಳಿದಾಗ ಮೇಲಿನ ಮೈಕು ಕಂಬಿಗೆ ತಾಗಿ ಠಣ್ ಎಂದಿತು.

ಬಸ್ ನಿಲ್ದಾಣದ ಹೊರಗೇಟಿಗೆ ಅವರು ಬಂದಾಗ ಐದೂವರೆಯ ಬಸ್ಸು ಮೂತಿ ಹೊರಗೆ ಹಾಕಿಯಾಗಿತ್ತು. ಡ್ರೈವರು ಸ್ಟೀರಿಂಗ್ ತಿರುಗಿಸಿ ಜೀಪನ್ನು ಅದರ ಮುಂದೆ ಅಡ್ಡ ತಂದು ನಿಲ್ಲಿಸಿದ. ಎರಡು ಗಾಡಿಗಳ ನಡುವೆ ಒಂದು ಗೇಣು ಉಳಿಯಿತು. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಏಳು ತಲೆಮಾರು ಎಣಿಸಿ ಬೈಯತೊಡಗಿದ. ಒಳಗೆ ಅರವತ್ತು ಜನ, ಕಿಟಕಿಯೆಲ್ಲ ತಲೆ. ಯಾವ ತಲೆ ಅವಳದ್ದು?

ಡ್ರೈವರು ಜೀಪಿನ ಮೈಕು ಕೈಗೆತ್ತಿಕೊಂಡ. ಭಾನುವಾರದಿಂದ ಹೆಂಡತಿಯ ಜೊತೆ ಒಂದಕ್ಷರ ಆಡದ ಮನುಷ್ಯನ ಮೊದಲ ಮಾತನ್ನು ಇಡೀ ನಿಲ್ದಾಣ ಕೇಳಿತು.

"ಇಳಿಯೇ! ಕೇಳಿಸ್ತಾ? ಇಳಿ ಕೆಳಗೆ! ನಂಗೆ ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ್ತಿ, ಶರ್ಟು ಹಾಳಾಗಿ ಹೋಗ್ಲಿ, ನೀನು ಇಳಿ! ತಪ್ಪು ನಂದು, ನೂರು ಸಲ ನಂದು!" ದನಿ ಒಡೆಯಿತು. "ಇಳಿಯೇ, ದಮ್ಮಯ್ಯ..."

ಬಾಳೆಹಣ್ಣು ಮಾರುವವರು ನಿಂತರು. ಕಂಡಕ್ಟರ್ ಬೈಗುಳ ಅರ್ಧಕ್ಕೆ ನುಂಗಿಕೊಂಡ. ಬಸ್ಸಿನ ಹಿಂದಿನ ಸೀಟಿನಿಂದ ಒಬ್ಬ ಸಣಕಲು ಹೆಂಗಸು, ಎದೆಗೊಂದು ಬಟ್ಟೆಯ ಚೀಲ ಅವುಚಿಕೊಂಡು, ನಾಚಿಕೆಯಿಂದ ಕೆಂಪಾಗಿ, ಜನರನ್ನು ಸರಿಸುತ್ತ ಇಳಿದಳು.

"ಏನ್ರೀ ಇದು ನಡುಬೀದೀಲಿ? ಮಾನ ಮರ್ಯಾದೆ ಇದೆಯಾ?"

ಗಂಡ ಅವಳ ಕಡೆ ನುಗ್ಗಿದ. ಮೇಡಂ ಅವನ ಎದೆಗೆ ಕೈಯಿಟ್ಟು ತಡೆದು ನಿಲ್ಲಿಸಿದಳು. "ನೀವು ಅಲ್ಲೇ. ಎರಡು ಮಾರು ದೂರ." ಆಮೇಲೆ ಅತ್ತಿಗೆಯ ಹಣೆಯ ಹತ್ತಿರ ಥರ್ಮಾಮೀಟರ್ ಹಿಡಿದಳು. ಜ್ವರವಿರಲಿಲ್ಲ. ಜ್ವರ ಬರುವ ತನಕ ಅದು ಇನ್ನೊಬ್ಬರಿಗೆ ಅಂಟುವುದಿಲ್ಲ, ಬಸ್ಸಿನವರು ಬದುಕಿಕೊಂಡರು. ಕೈ ಬೀಸಿ ಬಸ್ಸನ್ನು ಕಳಿಸಿದಳು.

ನಿಲ್ದಾಣದ ಹೆಂಗಸರ ಕೋಣೆಯನ್ನು ಖಾಲಿ ಮಾಡಿಸಿ, ಹೊಸ ಗೌನು ಗ್ಲೌಸು ಏರಿಸಿ, ಬೆಂಚಿನ ಮೇಲೆ ಅವಳನ್ನು ಕೂರಿಸಿ, ಔಷಧವನ್ನು ಸಿರಿಂಜಿಗೆ ಎಳೆದುಕೊಂಡಳು ಮೇಡಂ. ಹಿಂದೆ ನರ್ಸಾಗಿದ್ದ ಕೈ ಅದು, ಅಲುಗಲಿಲ್ಲ. ಸೂಜಿ ಹೊಕ್ಕಾಗ ಗೋಡೆಯ ಗಡಿಯಾರದಲ್ಲಿ ಐದೂ ನಲವತ್ತೆಂಟು.

ಹನ್ನೆರಡು ನಿಮಿಷ ಉಳಿದಿತ್ತು. ಮೇಡಂ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಳು. ಆಮೇಲೆ ಕೇಳಿದಳು, "ಯಾಕೆ ಅತ್ತಿಗೆ, ಎರಡು ದಿನದಿಂದ ಮೈಕಲ್ಲಿ ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅಳತೆ ಹಿಡಿಸ್ಕೊಂಡವರು ಬನ್ನಿ ಅಂದ್ರಿ. ನನಗೆ ಯಾರೂ ಅಳತೆ ಹಿಡೀಲಿಲ್ವಲ್ಲ. ನಾನು ಶರ್ಟು ಕೊಟ್ಟೆ ಅಷ್ಟೇ. ಅವರು ಬರ್ಕೊಳ್ತಾ ಬರ್ಕೊಳ್ತಾನೇ ಬಿದ್ರು ಪಾಪ. ತಲೆ ಹಿಡ್ಕೊಂಡು ನೀರು ಕುಡಿಸ್ದೆ. 'ನೀವು ಹುಷಾರಾಗಿ, ಆಮೇಲೆ ಕೊಡ್ತೀನಿ' ಅಂತ ಬಟ್ಟೆ ವಾಪಸ್ ತಂದೆ. ಆಮೇಲೆ ಒಂಥರಾ ಭಯ ಆಯ್ತು. ಹೋಗಿ ಹೇಳೋಣ ಅಂದ್ರೆ, ಗಾಡಿ ಓಡಿಸೋರೂ ಇವರೇ, ಮೈಕು ಕೂಗೋರೂ ಇವರೇ. ಶರ್ಟಿನ ಗುಟ್ಟು ಗೊತ್ತಾಗಿಬಿಡ್ತಿತ್ತು."

ಮೇಡಂ ಖಾಲಿ ಸಿರಿಂಜನ್ನು ಡಬ್ಬಿಗೆ ಹಾಕಿದಳು. ಮೈಕಿನ ಆ ಸಾಲು ಅವಳದ್ದೇ ಬರಹ. ಟೇಪು ಹಿಡಿದಲ್ಲಿ ಮಾತ್ರ ಮನುಷ್ಯರು ಇರುತ್ತಾರೆ ಎಂದುಕೊಂಡಿದ್ದಳು, ದೊಡ್ಡ ಪತ್ತೇದಾರಿಣಿ! ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅದರ ಬೆನ್ನಿಗೇ ಈ ಸಲ ಸಾಲು ಖಾಲಿ ಉಳಿಯಲಿಲ್ಲ ಎಂಬ ಸಂತೋಷ ಉಕ್ಕಿ ಕಣ್ಣು ಮಂಜಾಯಿತು.

"ಅಣ್ಣ ಅಷ್ಟು ಬೈದಾಗಲೂ ಹೇಳ್ಲಿಲ್ವಾ?"

"ಹೇಳಿದ್ರೆ ಇನ್ನೇನು ಉಳೀತಿತ್ತು? ಹದಿನೆಂಟು ವರ್ಷ ಆ ಪೆಟ್ಟಿಗೆ ಹೊತ್ತು ಭುಜ ಸೊಟ್ಟ ಆಗಿದೆ. ರೆಡಿಮೇಡ್ ಶರ್ಟು ಯಾವುದೂ ಸರಿಯಾಗಿ ಕೂರಲ್ಲ ಅವರಿಗೆ. ನಿವೃತ್ತಿ ದಿನ ನಾಲ್ಕು ಜನರ ಮುಂದೆ ನಿಲ್ಲೋವಾಗ ಒಂದು ಅಳತೆಗೆ ಸರಿಯಾದ ಶರ್ಟು ಇರ್ಲಿ ಅಂತ..." ಚೀಲವನ್ನು ತೋರಿಸಿದಳು. "ತಂಗಿ ಮನೇಲಿ ಮಷೀನಿದೆ. ಅಲ್ಲೇ ಹೊಲಿಸೋಣ ಅಂತ ಹೊರಟಿದ್ದೆ."

ಚೀಲವನ್ನು ಮೇಡಂ ಹಳದಿ ಕವರಿಗೆ ಹಾಕಿ ಗಂಟು ಬಿಗಿದಳು. ನೀಲಿ ಶರ್ಟೂ ಹೊಸ ಬಟ್ಟೆಯೂ ಔಷಧದ ನೀರಿನಲ್ಲಿ ಒಂದು ಗಂಟೆ ಕುದಿಯಬೇಕಿತ್ತು, ಕಾನೂನು ಕಾನೂನೇ. ಅತ್ತಿಗೆ ಇಪ್ಪತ್ತೊಂದು ದಿನ ಮನೆಯೊಳಗೆ, ಡ್ರೈವರು ಹೊರಗೆ. ಪುನಃ ಬೆಂಚು.

ಮೇಡಂ ಪ್ರತಿ ಬೆಳಗ್ಗೆ ಕಿಟಕಿಯಲ್ಲಿ ಥರ್ಮಾಮೀಟರ್ ಕೊಟ್ಟು ಬರೆದುಕೊಂಡಳು. ಒಂಬತ್ತನೆಯ ದಿನ ಪಾದರಸ ನೂರರ ಗೆರೆ ಮುಟ್ಟಿತು. ಗೇಟಿನ ಹೊರಗಿದ್ದ ಡ್ರೈವರು ಹಾಗೇ ನೆಲಕ್ಕೆ ಕೂತುಬಿಟ್ಟ. ವಿಚಾರಿಸಿದರೆ ಅತ್ತಿಗೆ ಆಗ ತಾನೇ ಸುಡುಸುಡು ಚಹಾ ಕುಡಿದಿದ್ದಳು! ಅರ್ಧ ಗಂಟೆ ಬಿಟ್ಟು ನೋಡಿದಾಗ ಎಲ್ಲ ಸರಿಯಿತ್ತು. ಹತ್ತನೆಯ ದಿನ ಡ್ರೈವರಿಗೆ ಆಫೀಸಿನಲ್ಲಿ ಹಾರ ಹಾಕಿದರು. ಖಾಕಿಯಲ್ಲೇ ನಿಂತು ಹಾಕಿಸಿಕೊಂಡ, ಹಾರವನ್ನು ನೇರವಾಗಿ ತಂದು ಮನೆಯ ಗೇಟಿಗೆ ಕಟ್ಟಿದ. ಹದಿನಾರನೆಯ ದಿನ ದರ್ಜಿ ಎದ್ದು ಕೂತು ಗಂಜಿ ಕೇಳಿದನಂತೆ.

ಇಪ್ಪತ್ತೊಂದನೆಯ ಬೆಳಗ್ಗೆ ಮೇಡಂ ಅಳತೆ ಪುಸ್ತಕದ ಕೊನೆಯ ಸಾಲಿಗೆ ಕೆಂಪು ಪೆನ್ನಿನ ಗುರುತು ಹಾಕಿ, ಪಕ್ಕದಲ್ಲಿ ಒಂದು ಪುಟ್ಟ ಗುಂಡಿಯ ಚಿತ್ರ ಬರೆದು, ಅತ್ತಿಗೆಯ ಮನೆ ಬಾಗಿಲಿಗೆ ಹಾಕಿದ್ದ ಸೀಲು ಕಿತ್ತಳು.

ಡ್ರೈವರು ಆಗಲೇ ಅಂಗಳದಲ್ಲಿದ್ದ. ಮೈಮೇಲೆ ಅದೇ ನೀಲಿ ಶರ್ಟು. ಕುದಿಸಿ ಕುದಿಸಿ ಬಣ್ಣ ಹೋಗಿ, ನಾಲ್ಕು ಇಂಚು ಕುಗ್ಗಿ, ಹೊಟ್ಟೆಯ ಮೇಲಿನ ಗುಂಡಿಗಳು ಈಗಲೋ ಆಗಲೋ ಎನ್ನುತ್ತಿದ್ದವು. ಬಲ ಭುಜ ಮಾತ್ರ ಸರಿಯಾಗಿ ಕೂತಿತ್ತು.

ಹೆಂಡತಿ ಹೊಸ್ತಿಲು ದಾಟಿ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಸಿಕ್ತಾ ಶರ್ಟು?"

ಅವನು ಎರಡು ಹೆಜ್ಜೆ ಮುಂದೆ ಬಂದ. ಅವಳ ಎರಡೂ ಕೈ ಹಿಡಿದುಕೊಂಡ. ಮೇಡಂ ತಾನು ಮುಟ್ಟಬೇಡಿ ಎನ್ನಬೇಕಾದ ಅಗತ್ಯ ಇನ್ನಿಲ್ಲ ಎಂದು ನೆನಪು ಮಾಡಿಕೊಂಡು, ಬ್ಯಾಗಿನಿಂದ ಟೇಪು ತೆಗೆದು, ಹೊಸ ಶರ್ಟಿಗೆ ಬೇಕಾದೀತೆಂದು ಗೇಟಿನ ಮೇಲೆ ತೂಗುಹಾಕಿ, ಹೊಸ ಡ್ರೈವರು ಕಾಯುತ್ತಿದ್ದ ಜೀಪಿನ ಕಡೆ ನಡೆದಳು.